ಉಗಿಯುಗದ ಮಾದರಿ ರೈಲುಮಾರ್ಗ

ಉಗಿಯುಗದ ಮಾದರಿ ರೈಲುಮಾರ್ಗ ಎಂದರೆ ಉಗಿ ಎಂಜಿನುಗಳು ಗಾಡಿ ಎಳೆಯುತ್ತಿದ್ದ ಕಾಲದ ಒಂದು ರೈಲುಮಾರ್ಗವನ್ನು ಅದರ ಹಳಿ, ನಿಲ್ದಾಣ, ಸಿಗ್ನಲು, ಗಾಡಿ ಮತ್ತು ಸುತ್ತಲಿನ ನೆಲದೊಡನೆ ಒಂದು ನಿಶ್ಚಿತ ಪ್ರಮಾಣಕ್ಕೆ ಕುಗ್ಗಿಸಿ ಕಟ್ಟಿ, ಮೂಲಮಾರ್ಗದ ಕ್ರಮವನ್ನು ಅನುಸರಿಸಿ ಓಡಿಸುವ ಚಲಿಸುವ ಪ್ರತಿರೂಪ. ಈ ಲೇಖನ ಅದರ ಸಾಮಾನ್ಯ ತತ್ತ್ವಗಳನ್ನು ವಿವರಿಸುತ್ತದೆ. ಉದಾಹರಣೆಗಳಿಗೆ ಯಶವಂತಪುರ, ಯಲಹಂಕ, ಹೆಬ್ಬಾಳಗಳನ್ನೊಳಗೊಂಡ ಉತ್ತರ ಬೆಂಗಳೂರಿನ ಹಳೆಯ ಮಾರ್ಗಗಳನ್ನು ಮೂಲವಾಗಿ ಇಟ್ಟುಕೊಂಡಿದೆ.

ಪದಬಳಕೆ

ಇಂಗ್ಲಿಷಿನಲ್ಲಿ ಇಂಥ ರಚನೆಗೆ 'ಲೇಔಟ್' ಎಂಬ ಹೆಸರಿದೆ. ಬೆಂಗಳೂರಿನ ಕನ್ನಡದಲ್ಲಿ ಲೇಔಟ್ ಎಂದರೆ ನಿವೇಶನಗಳ ಬಡಾವಣೆ ಎಂಬ ಅರ್ಥವೇ ಗಟ್ಟಿಯಾಗಿರುವುದರಿಂದ ಇಲ್ಲಿ 'ಮಾದರಿ ಮಾರ್ಗ' ಎಂಬ ಪದವನ್ನು ಬಳಸಿದೆ. ನಕಲಿಗೆ ಆಧಾರವಾದ ನಿಜವಾದ ಎಂಜಿನು, ನಿಲ್ದಾಣ ಅಥವಾ ಮಾರ್ಗ 'ಮೂಲ'. ಮೂಲದ ಅಳತೆಗೂ ಮಾದರಿಯ ಅಳತೆಗೂ ಇರುವ ಅನುಪಾತ 'ಪ್ರಮಾಣ'. ಎರಡು ಹಳಿಗಳ ಒಳಅಂಚುಗಳ ನಡುವಿನ ಅಂತರ 'ಗೇಜ್'. ಪ್ರಮಾಣವೂ ಗೇಜೂ ಬೇರೆ ಬೇರೆ ಸಂಗತಿಗಳು. ಇವೆರಡನ್ನೂ ಒಂದೆಂದು ಭಾವಿಸಿದರೆ ಭಾರತೀಯ ಮಾದರಿಗಳ ಲೆಕ್ಕವೆಲ್ಲ ತಪ್ಪುತ್ತದೆ. ಕಾರಣ ಮುಂದೆ ಬರುತ್ತದೆ. ಹಳೆಯ ಮೈಸೂರು ಸೀಮೆಯ ಮಾತಿನಲ್ಲಿ ಹಳಿಗೆ 'ಕಂಬಿ' ಎಂದೂ ಕೈ ಚಾಚಿದ ಸಿಗ್ನಲಿಗೆ 'ಕೈಮರ' ಎಂದೂ ಹೇಳುವುದುಂಟು.

ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲಿನಂತೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಗಳು ಈ ವರ್ಗಕ್ಕೆ ಸೇರುವುದಿಲ್ಲ. ಅವು ಸಣ್ಣ ಗೇಜಿನ ನಿಜವಾದ ರೈಲುಗಳೇ. ಯಾವುದೇ ಮೂಲದ ಪ್ರಮಾಣಬದ್ಧ ನಕಲಲ್ಲ.

ಹುಟ್ಟು

ಕೀಲಿ ತಿರುಗಿಸಿ ಓಡಿಸುವ ತಗಡಿನ ರೈಲುಗಳು 19ನೆಯ ಶತಮಾನದಲ್ಲೇ ಯುರೋಪಿನ ಆಟಿಕೆ ಅಂಗಡಿಗಳಲ್ಲಿದ್ದವು. ಒಂದು ಕಂಪನಿಯ ಗಾಡಿ ಮತ್ತೊಂದರ ಹಳಿಗೆ ಹೊಂದುತ್ತಿರಲಿಲ್ಲ. 1891ರಲ್ಲಿ ಜರ್ಮನಿಯ ಮೆರ್ಕ್ಲಿನ್ ಕಂಪನಿ ಲೈಪ್‌ಝಿಗ್ ಜಾತ್ರೆಯಲ್ಲಿ ನಿಶ್ಚಿತ ಗೇಜುಗಳ ಹಳಿಗಳನ್ನು ತಂದಿಟ್ಟಿತು. ಬೇಕಾದಾಗ ಹಳಿ, ಪಾಯಿಂಟು (ಹಳಿ ಕವಲೊಡೆಯುವ ಭಾಗ), ಡಬ್ಬಿಗಳನ್ನು ಬಿಡಿಬಿಡಿಯಾಗಿ ಕೊಂಡು ಬೆಳೆಸುವ ಪದ್ಧತಿ ಅಲ್ಲಿಂದ ಬೆಳೆಯಿತು. ಬ್ರಿಟನ್ನಿನಲ್ಲಿ ಹಾರ್ನ್‌ಬಿ ರೈಲುಗಳು 1920ರಲ್ಲಿ ಬಂದವು. ಮನೆಯ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕದಾದ 16.5 ಮಿ.ಮೀ. ಗೇಜು 1920ರ ದಶಕದಲ್ಲಿ ತಲೆಯೆತ್ತಿ, 1938ರ ಹಾರ್ನ್‌ಬಿ ಡಬ್ಲೊ ಮಾದರಿಗಳಿಂದ ಜನಪ್ರಿಯವಾಯಿತು. ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ರಾಷ್ಟ್ರೀಯ ಮಾದರಿ ರೈಲು ಸಂಘ ಚಕ್ರ, ಹಳಿ, ಕೊಂಡಿಗಳ ಅಳತೆಗಳಿಗೆ ಮಾನಕಗಳನ್ನು ರೂಪಿಸಿತು. ಆಟಿಕೆ ಹವ್ಯಾಸವಾಗಿ ಬಲಿತದ್ದು ಈ ಮಾನಕಗಳ ಬಲದಿಂದ.

ಭಾರತದಲ್ಲಿ ಮಾದರಿ ರೈಲು ಮೊದಲು ಅರಮನೆಗಳ ವಸ್ತುವಾಗಿತ್ತು. ಗ್ವಾಲಿಯರ್‌ನ ಜಯವಿಲಾಸ ಅರಮನೆಯಲ್ಲಿ ಊಟದ ಮೇಜಿನ ಮೇಲೆ ಓಡುತ್ತ ಅತಿಥಿಗಳಿಗೆ ಪಾನೀಯ, ಚುಟ್ಟ ತಲುಪಿಸುತ್ತಿದ್ದ ಬೆಳ್ಳಿಯ ರೈಲು ಇದಕ್ಕೆ ಹೆಸರಾದ ಉದಾಹರಣೆ. ಸಾರ್ವಜನಿಕರು ನೋಡಬಹುದಾದ ದೊಡ್ಡ ಮಾದರಿ ಮಾರ್ಗವೆಂದರೆ ಪುಣೆಯಲ್ಲಿ 1998ರಿಂದ ಇರುವ ಜೋಶಿ ಮಿನಿಯೇಚರ್ ರೈಲ್ವೆ ವಸ್ತುಸಂಗ್ರಹಾಲಯದ್ದು.

ಮೂಲ: ಉತ್ತರ ಬೆಂಗಳೂರಿನ ಉಗಿಮಾರ್ಗಗಳು

ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆಯಿಂದ ದಂಡು (ಕಂಟೋನ್ಮೆಂಟ್) ಪ್ರದೇಶಕ್ಕೆ, ಬ್ರಾಡ್‌ಗೇಜಿನಲ್ಲಿ. ಊರಿನ ಉತ್ತರ ದಿಕ್ಕಿನದು ಮೀಟರ್‌ಗೇಜಿನ ಕಥೆ. ತುಮಕೂರಿನ ಕಡೆ ಹೋಗುವ ಮಾರ್ಗ 1880ರ ದಶಕದಲ್ಲೂ ಯಲಹಂಕ, ದೊಡ್ಡಬಳ್ಳಾಪುರ, ಹಿಂದೂಪುರಗಳ ಮೂಲಕ ಗುಂತಕಲ್ಲಿನ ದಿಕ್ಕಿಗೆ ಹೋಗುವ ಮಾರ್ಗ 1890ರ ದಶಕದಲ್ಲೂ ತೆರೆದವು. ಇವೆರಡೂ ಕವಲೊಡೆಯುವ ಜಾಗ ಯಶವಂತಪುರ. ಆಡಳಿತ ಸದರ್ನ್ ಮರಾಠಾ ರೈಲ್ವೆಯದಾಗಿತ್ತು. ಅದು 1908ರಲ್ಲಿ ಮದರಾಸು ಮತ್ತು ದಕ್ಷಿಣ ಮರಾಠಾ ರೈಲ್ವೆಯಾಯಿತು.

ಮೂರನೆಯ ಗೇಜು 762 ಮಿ.ಮೀ.ನ ನ್ಯಾರೋಗೇಜು. ಬೆಂಗಳೂರು–ಚಿಕ್ಕಬಳ್ಳಾಪುರ ಲಘು ರೈಲ್ವೆ 1915ರಿಂದ 1918ರ ನಡುವೆ ಯಲಹಂಕ, ದೇವನಹಳ್ಳಿ, ನಂದಿಯ ಮೂಲಕ ಚಿಕ್ಕಬಳ್ಳಾಪುರವನ್ನು ಮುಟ್ಟಿತು. ಅದೇ ದಶಕದಲ್ಲಿ ಬಂಗಾರಪೇಟೆಯ ಕಡೆಯಿಂದ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಬಂದ ಇನ್ನೊಂದು ನ್ಯಾರೋಗೇಜು ಮಾರ್ಗ ಚಿಕ್ಕಬಳ್ಳಾಪುರದಲ್ಲಿ ಇದನ್ನು ಸೇರಿತು. 1951ರ ಏಪ್ರಿಲ್ 14ರಂದು ಮೈಸೂರು ರಾಜ್ಯ ರೈಲ್ವೆ, ಮದರಾಸು ಮತ್ತು ದಕ್ಷಿಣ ಮರಾಠಾ ರೈಲ್ವೆ, ದಕ್ಷಿಣ ಭಾರತ ರೈಲ್ವೆ ಮೂರೂ ಕೂಡಿ ದಕ್ಷಿಣ ರೈಲ್ವೆಯಾಯಿತು. ಯಲಹಂಕದ ಮೂಲಕ ಗುಂತಕಲ್ಲಿಗೆ ಹೋಗುವ ಮೀಟರ್‌ಗೇಜು 1980ರ ದಶಕದಲ್ಲಿ ಬ್ರಾಡ್‌ಗೇಜಾಯಿತು. ಯಲಹಂಕ–ಚಿಕ್ಕಬಳ್ಳಾಪುರ ನ್ಯಾರೋಗೇಜಿಗೆ 1990ರ ದಶಕದಲ್ಲಿ ಅದೇ ಗತಿ ಬಂತು. ಚಿಕ್ಕಬಳ್ಳಾಪುರ–ಕೋಲಾರ ಭಾಗದಲ್ಲಿ ಬ್ರಾಡ್‌ಗೇಜ್ ಗಾಡಿ ಓಡಿದ್ದು 2013ರಲ್ಲಿ.

ಮಾದರಿಕಾರನಿಗೆ ಈ ಇತಿಹಾಸ ನೇರವಾಗಿ ಬೇಕಾಗುತ್ತದೆ. ಯಲಹಂಕವನ್ನು 1930 ಎಂದು ಕಟ್ಟಿದರೆ ಹಳಿ ಮೀಟರ್‌ಗೇಜು ಮತ್ತು ನ್ಯಾರೋಗೇಜು, ಮೀಟರ್‌ಗೇಜಿನ ಕಂಪನಿಯ ಹೆಸರು ಮದರಾಸು ಮತ್ತು ದಕ್ಷಿಣ ಮರಾಠಾ. 1965 ಎಂದರೆ ಹಳಿಗಳು ಅವೇ, ಬಣ್ಣ ಮತ್ತು ಅಕ್ಷರಗಳು ದಕ್ಷಿಣ ರೈಲ್ವೆಯವು. 1990 ಎಂದರೆ ನ್ಯಾರೋಗೇಜಿನ ಪಕ್ಕದಲ್ಲಿ ಬ್ರಾಡ್‌ಗೇಜು. ಯಲಹಂಕದ ಚಕ್ರ ಮತ್ತು ಅಚ್ಚು ಕಾರ್ಖಾನೆ 1984ರದು. ಅದನ್ನು 1965ರ ಮಾದರಿಯ ಹಿನ್ನೆಲೆಯಲ್ಲಿ ಬರೆಯುವಂತಿಲ್ಲ. ಒಂದೇ ನಿಲ್ದಾಣ ಇಸವಿ ಬದಲಾದಂತೆ ಮೂರು ಬೇರೆ ಮಾದರಿಗಳಾಗುತ್ತದೆ.

ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ಹಳೆಯ ಕಟ್ಟಡಗಳಲ್ಲಿ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳು ಇಂದಿಗೂ ನೋಡಸಿಗುತ್ತವೆ. ಸಣ್ಣ ಅಳತೆ, ಕಲ್ಲಿನ ಗೋಡೆ, ಹೆಂಚಿನ ಮಾಡು ಇರುವ ಇವು ಮಾದರಿಗೆ ಬಹಳ ಒದಗುವಂಥವು. ನಿಂತಿರುವ ಕಟ್ಟಡವನ್ನು ಟೇಪು ಹಿಡಿದು ಅಳೆದು ಕುಗ್ಗಿಸುವ ಅವಕಾಶ ಉಗಿಯುಗದ ಮೂಲಗಳಲ್ಲಿ ಎಲ್ಲ ಕಡೆಯೂ ಸಿಗುವುದಿಲ್ಲ.

ಪ್ರಮಾಣ ಮತ್ತು ಗೇಜ್

ಬಳಕೆಯಲ್ಲಿರುವ ಪ್ರಮಾಣಗಳಲ್ಲಿ ಮುಖ್ಯವಾದವು ಎಚ್‌ಒ (1:87), ಬ್ರಿಟಿಷ್ ಒಒ (1:76), ಎನ್ (1:160), ಒ (ದೇಶಕ್ಕೆ ತಕ್ಕಂತೆ 1:43.5ರಿಂದ 1:48) ಮತ್ತು ತೋಟಗಳಲ್ಲಿ ಓಡಿಸುವ ಜಿ (1:22.5). ಎಚ್‌ಒ ಮತ್ತು ಒಒ ಎರಡಕ್ಕೂ ಹಳಿ 16.5 ಮಿ.ಮೀ.ನದೇ, ಎನ್‌ಗೆ 9 ಮಿ.ಮೀ., ಒಗೆ 32 ಮಿ.ಮೀ., ಜಿಗೆ 45 ಮಿ.ಮೀ.

ಈ ಗೇಜುಗಳಲ್ಲಿ ಹೆಚ್ಚಿನವು 1435 ಮಿ.ಮೀ.ನ ವಿದೇಶಿ ಸ್ಟ್ಯಾಂಡರ್ಡ್ ಗೇಜನ್ನು ಕುಗ್ಗಿಸಿ ಮಾಡಿದವು. ಭಾರತದ ಬ್ರಾಡ್‌ಗೇಜು 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಅಂಗಡಿಯ 16.5 ಮಿ.ಮೀ. ಹಳಿಯ ಮೇಲೆ 1:87ರ ಭಾರತೀಯ ಬ್ರಾಡ್‌ಗೇಜ್ ಎಂಜಿನನ್ನು ನಿಲ್ಲಿಸಿದರೆ ಎರಡು ಬದಿಯ ಚಕ್ರಗಳ ನಡುವಿನ ಅಂತರ ಸುಮಾರು 3 ಮಿ.ಮೀ. ಕಡಿಮೆಯಾಗಿರುತ್ತದೆ, ಮೈ ಅಗಲ, ಕಾಲು ಕಿರಿದು ಎಂಬಂತೆ ಕಾಣುತ್ತದೆ. ಹಳಿಗೆ ಹೊಂದಿಸಿಯೇ ಕಟ್ಟುವುದಾದರೆ ಪ್ರಮಾಣ 1:102ರ ಹತ್ತಿರ ಹೋಗಬೇಕು; ಆಗ ಅಂಗಡಿಯ ಮನುಷ್ಯಾಕೃತಿ, ಬಸ್ಸು, ಮನೆಗಳೆಲ್ಲ ದೊಡ್ಡವಾಗುತ್ತವೆ. ಬಹುತೇಕ ಹವ್ಯಾಸಿಗಳು 16.5 ಮಿ.ಮೀ.ನ ತಪ್ಪನ್ನು ಒಪ್ಪಿಕೊಂಡು ಮುಂದುವರಿಯುತ್ತಾರೆ.

ಮೀಟರ್‌ಗೇಜು ಮತ್ತು ನ್ಯಾರೋಗೇಜಿನಲ್ಲಿ ಈ ತೊಡಕಿಲ್ಲ. 1000 ಮಿ.ಮೀ. ಅಂತರ 1:87ಕ್ಕೆ 11.5 ಮಿ.ಮೀ. ಆಗುತ್ತದೆ, ಸ್ವಿಸ್ ಪರ್ವತ ರೈಲುಗಳಿಗಾಗಿ ತಯಾರಾಗುವ 12 ಮಿ.ಮೀ. ಹಳಿ ಇದಕ್ಕೆ ತೀರ ಹತ್ತಿರ. 762 ಮಿ.ಮೀ. ಅಂತರ 8.8 ಮಿ.ಮೀ. ಆಗುತ್ತದೆ, ಎನ್ ಪ್ರಮಾಣದ 9 ಮಿ.ಮೀ. ಹಳಿ ಇಲ್ಲಿ ಹೊಂದುತ್ತದೆ. ಆದರೆ ಅಡ್ಡಪಟ್ಟಿಗಳ ಉದ್ದ ಮತ್ತು ಅಂತರ ನ್ಯಾರೋಗೇಜಿನವೇ ಆಗಿರಬೇಕು. ದೊಡ್ಡ ಕೆಲಸ ಬಯಸುವವರು 1:48ರಲ್ಲಿ 16.5 ಮಿ.ಮೀ. ಹಳಿಯನ್ನೇ ನ್ಯಾರೋಗೇಜಾಗಿ ಬಳಸಬಹುದು. ನಿಖರ ಲೆಕ್ಕ 15.9 ಮಿ.ಮೀ., ವ್ಯತ್ಯಾಸ ಕಣ್ಣಿಗೆ ಬೀಳದು. ಹೀಗಾಗಿ ಉತ್ತರ ಬೆಂಗಳೂರಿನ ಉಗಿಮಾರ್ಗಗಳು ಬ್ರಾಡ್‌ಗೇಜಿಗಿಂತ ಹೆಚ್ಚು ನಿಖರವಾಗಿ ಮಾದರಿಗೆ ಒಗ್ಗುತ್ತವೆ.

ಹಳಿಯ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ಎಚ್‌ಒ ಹಳಿ 2.1ರಿಂದ 2.5 ಮಿ.ಮೀ. ಎತ್ತರವಿದ್ದು, ನಿಜದ ಅಳತೆಗೆ ಹಿಗ್ಗಿಸಿದರೆ 180 ಮಿ.ಮೀ. ಮೀರುತ್ತದೆ. ಹಳೆಯ ಮೀಟರ್‌ಗೇಜಿನ ಹಗುರ ಹಳಿಗೆ 1.4 ಮಿ.ಮೀ., ನ್ಯಾರೋಗೇಜಿಗೆ 1 ಮಿ.ಮೀ. ಸಾಕು.

ಬಗೆಗಳು

ವಿನ್ಯಾಸದ ದೃಷ್ಟಿಯಿಂದ ಮಾದರಿ ಮಾರ್ಗಗಳು ಸುತ್ತುಮಾರ್ಗ, ತುದಿಯಿಂದ ತುದಿಗೆ ಹೋಗುವ ಮಾರ್ಗ, ಬಿಚ್ಚಿ ಜೋಡಿಸುವ ಮಾಡ್ಯೂಲು, ತೋಟದ ಮಾರ್ಗ ಎಂದು ಬೇರೆಯಾಗುತ್ತವೆ. ಸುತ್ತುಮಾರ್ಗದಲ್ಲಿ ಗಾಡಿ ನಿಲ್ಲದೆ ಓಡುತ್ತದೆ, ನೋಡುವವರಿಗೆ ಹಿತ. ತುದಿಮಾರ್ಗದಲ್ಲಿ ಗಾಡಿ ಒಂದು ಊರಿನಿಂದ ಹೊರಟು ಇನ್ನೊಂದರಲ್ಲಿ ಮುಗಿಯುತ್ತದೆ; ಎಂಜಿನು ಬಿಡಿಸಿ, ಪಕ್ಕದ ಲೂಪು ಹಳಿಯ ಮೂಲಕ ಸುತ್ತಿಸಿ, ಟರ್ನ್‌ಟೇಬಲ್ಲಿನಲ್ಲಿ ತಿರುಗಿಸಿ ಮತ್ತೆ ಜೋಡಿಸಬೇಕು. ಉಗಿಯುಗದ ದುಡಿಮೆ ತೋರುವುದು ಈ ಬಗೆಯಲ್ಲೇ. ಯಲಹಂಕ–ಚಿಕ್ಕಬಳ್ಳಾಪುರದಂಥ ಕವಲುಮಾರ್ಗಕ್ಕೆ ಇದು ಸಹಜ.

ಬೆಂಗಳೂರಿನ 30×40 ಅಡಿ ನಿವೇಶನದ ಮನೆಗಳಲ್ಲಿ ಇಡೀ ಕೋಣೆಯನ್ನು ಇದಕ್ಕೆ ಬಿಡುವುದು ಕಷ್ಟ. ಗೋಡೆಗೆ ತಗುಲಿಸಿದ 30ರಿಂದ 45 ಸೆಂ.ಮೀ. ಅಗಲದ ಹಲಗೆಯ ಮೇಲೆ ಹಬ್ಬುವ ಕಪಾಟುಮಾರ್ಗ ಅಥವಾ ಮಂಚದಡಿ ಸರಿಸಿಡುವ ಮಾಡ್ಯೂಲು ಇಂಥಲ್ಲಿ ಹೊಂದುತ್ತದೆ. ಮಹಡಿಯ ಮೇಲಿನ ಶೀಟಿನ ಕೋಣೆ ವಿಶಾಲವಾಗಿದ್ದರೂ ಏಪ್ರಿಲ್–ಮೇ ತಿಂಗಳ ಬಿಸಿಗೆ ಹಳಿಗಳು ಹಿಗ್ಗಿ ಡೊಂಕಾಗುತ್ತವೆ, ಪ್ಲಾಸ್ಟಿಕ್ ಕಟ್ಟಡಗಳು ಬಾಗುತ್ತವೆ.

ಯಾವ ಬಗೆಯಲ್ಲೂ ದೂರವನ್ನು ಪೂರ್ತಿ ಕುಗ್ಗಿಸಿ ತೋರಿಸಲಾಗದು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಸುಮಾರು 45 ಕಿ.ಮೀ.; 1:87ರಲ್ಲೂ ಅದು ಅರ್ಧ ಕಿಲೋಮೀಟರು ದಾಟುತ್ತದೆ. ಆದ್ದರಿಂದ ಕೆಲವು ಜಾಗಗಳನ್ನು ಆಯ್ದು, ನಡುವಿನದನ್ನು ಬಿಡಲಾಗುತ್ತದೆ. ಯಲಹಂಕದ ಯಾರ್ಡು, ದೊಡ್ಡಜಾಲದ ನಿಲ್ದಾಣ, ಒಂದು ಕೆರೆ ಏರಿ, ನಂದಿ ಬೆಟ್ಟ ಕಾಣುವ ಒಂದು ತಿರುವು: ಇಷ್ಟನ್ನು ಸರಿಯಾಗಿ ಆಯ್ದರೆ ಮಾರ್ಗದ ಗುರುತು ಸಿಗುತ್ತದೆ.

ರಚನೆ

ಅಡಿಪಾಯ ಮರದ ಚೌಕಟ್ಟು. 8×4 ಅಡಿಯ ಒಂದು ಪ್ಲೈವುಡ್ ಹಾಳೆ, ಅಂದರೆ 2440×1220 ಮಿ.ಮೀ., ಎಚ್‌ಒ ಸುತ್ತುಮಾರ್ಗಕ್ಕೆ ಕನಿಷ್ಠ ಜಾಗ. ಮಳೆಗಾಲದ ತೇವ ಮತ್ತು ಗೆದ್ದಲು ಎರಡನ್ನೂ ತಡೆಯಲು ಬಿಡಬ್ಲ್ಯುಆರ್ ದರ್ಜೆಯ 12 ಮಿ.ಮೀ. ಪ್ಲೈವುಡ್ ಬಳಸಿ, ಅಂಚುಗಳಿಗೂ ಬಣ್ಣ ಬಳಿಯಬೇಕು. ಹಾಳೆಯನ್ನು ಸಪಾಟಾಗಿ ಹಾಸಿಬಿಟ್ಟರೆ ನೆಲವೆಲ್ಲ ಮೇಜಿನಂತೆ ಕಾಣುತ್ತದೆ. ಹಳಿ ಹಾಯುವ ಪಟ್ಟಿಯನ್ನಷ್ಟೇ ಪ್ಲೈವುಡ್ಡಿನಲ್ಲಿ ಕತ್ತರಿಸಿ ಚೌಕಟ್ಟಿನ ಮೇಲೆ ಎತ್ತಿ ನಿಲ್ಲಿಸಿದರೆ ಹಳ್ಳ, ಮೋರಿ, ಕೆರೆಗಳು ಹಳಿಗಿಂತ ಕೆಳಗೆ ಬರುತ್ತವೆ.

ತಿರುವಿನ ತ್ರಿಜ್ಯ ಎಚ್‌ಒದಲ್ಲಿ 457 ಮಿ.ಮೀ.ಗಿಂತ ಕಡಿಮೆಯಾದರೆ ಉದ್ದದ ಎಂಜಿನುಗಳು ಹಳಿ ತಪ್ಪುತ್ತವೆ, 610 ಮಿ.ಮೀ. ನೆಮ್ಮದಿ. 9 ಮಿ.ಮೀ. ನ್ಯಾರೋಗೇಜಿನಲ್ಲಿ 250–300 ಮಿ.ಮೀ. ನಡೆಯುತ್ತದೆ. ಏರು ನೂರಕ್ಕೆ ಎರಡನ್ನು ಮೀರಬಾರದು. ಒಂದು ಹಳಿ ಇನ್ನೊಂದರ ಮೇಲೆ ದಾಟಲು 75 ಮಿ.ಮೀ. ಎತ್ತರ ಬೇಕು, ಈ ಮಿತಿ ಮೀರಿದ ನಲವತ್ತಕ್ಕೊಂದು ಏರಿನಲ್ಲೂ ಅಷ್ಟು ಏರಲು 3 ಮೀಟರು ಬೇಕಾಗುವುದರಿಂದ ಸಣ್ಣ ಕೋಣೆಗಳಲ್ಲಿ ಮೇಲ್ಸೇತುವೆಯ ಆಸೆಯನ್ನು ಬಿಡುವುದು ಒಳ್ಳೆಯದು. ಲೂಪಿನ ಉದ್ದ ಗಾಡಿಯ ಉದ್ದಕ್ಕೆ ತಕ್ಕಂತಿರಬೇಕು. ಮೀಟರ್‌ಗೇಜಿನ ಒಂದು ಬೋಗಿ ಎಚ್‌ಒದಲ್ಲಿ ಸುಮಾರು 22 ಸೆಂ.ಮೀ.; ಎಂಜಿನು ಸೇರಿ ಆರು ಬೋಗಿಯ ಗಾಡಿಗೆ ಪಾಯಿಂಟುಗಳ ನಡುವೆ ಒಂದೂಮುಕ್ಕಾಲು ಮೀಟರು ಬಿಡಬೇಕು.

ಜಲ್ಲಿಗೆ ಗ್ರಾನೈಟ್ ಪುಡಿಯನ್ನು ಜರಡಿ ಹಿಡಿದು ಬಳಸುತ್ತಾರೆ. ಹಳಿಗಳ ನಡುವೆ ಬ್ರಷ್ಷಿನಿಂದ ಹರಡಿ, ಸ್ವಲ್ಪ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರು ಚಿಮುಕಿಸಿ, ತೆಳು ಮಾಡಿದ ಫೆವಿಕಾಲನ್ನು ಹನಿಹನಿಯಾಗಿ ಬಿಡುವುದು ರೂಢಿ. ಸ್ಥಳೀಯ ಮಣ್ಣು, ಕಲ್ಲುಪುಡಿ ಬಳಸುವ ಮುನ್ನ ಅದರ ಮೇಲೆ ಅಯಸ್ಕಾಂತ ಆಡಿಸಿ ಕಬ್ಬಿಣದ ಕಣಗಳನ್ನು ತೆಗೆಯಲೇಬೇಕು. ಇಲ್ಲವಾದರೆ ಅವು ಎಂಜಿನಿನ ಮೋಟಾರಿಗೆ ಹತ್ತುತ್ತವೆ.

ವಿದ್ಯುತ್ತಿಗೆ ಎರಡು ಪದ್ಧತಿಗಳಿವೆ. ಹಳೆಯದರಲ್ಲಿ 230 ವೋಲ್ಟನ್ನು 12 ವೋಲ್ಟಿನ ನೇರ ವಿದ್ಯುತ್ತಾಗಿ ಇಳಿಸಿ ಹಳಿಗೆ ಕೊಡಲಾಗುತ್ತದೆ. ವೋಲ್ಟು ಏರಿಸಿದರೆ ವೇಗ, ಧ್ರುವ ಬದಲಿಸಿದರೆ ಹಿಮ್ಮುಖ. ಒಂದು ಹಳಿಭಾಗದ ಮೇಲೆ ನಿಂತ ಎಂಜಿನುಗಳೆಲ್ಲ ಒಟ್ಟಿಗೆ ಓಡುವುದರಿಂದ ಮಾರ್ಗವನ್ನು ವಿಭಾಗಗಳಾಗಿ ತುಂಡರಿಸಿ ಸ್ವಿಚ್ಚು ಹಾಕಬೇಕಾಗುತ್ತದೆ. ಡಿಸಿಸಿ ಎಂಬ ಡಿಜಿಟಲ್ ಪದ್ಧತಿ 1990ರ ದಶಕದಲ್ಲಿ ಮಾನಕವಾಯಿತು. ಇದರಲ್ಲಿ ಹಳಿಯಲ್ಲಿ ಸದಾ ವಿದ್ಯುತ್ತಿರುತ್ತದೆ. ಪ್ರತಿ ಎಂಜಿನಿನೊಳಗಿನ ಡಿಕೋಡರಿಗೆ ಒಂದು ಅಂಕಿ ವಿಳಾಸವಿದ್ದು, ತನಗೆ ಬಂದ ಆಜ್ಞೆಯನ್ನಷ್ಟೇ ಅದು ಪಾಲಿಸುತ್ತದೆ. ಎರಡು ಎಂಜಿನು ಒಂದೇ ಹಳಿಯ ಮೇಲೆ ಬೇರೆ ಬೇರೆ ವೇಗದಲ್ಲಿ ಚಲಿಸಬಹುದು. ಆರ್ಡುಯಿನೊ ಬೋರ್ಡಿನ ಮೇಲೆ ಉಚಿತ ತಂತ್ರಾಂಶ ಹಾಕಿ ನಿಯಂತ್ರಕವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಅದಕ್ಕೆ ಬೇಕಾದ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಎರಡೂ ಪದ್ಧತಿಗಳಲ್ಲಿ ಹಳಿಯ ಕೀಲುಗಳನ್ನು ನಂಬದೆ ಸುಮಾರು ಮೀಟರಿಗೊಂದರಂತೆ ಕೆಳಗಿನಿಂದ ತಂತಿ ಬೆಸೆಯಬೇಕು.

ನೆಲನೋಟ

ಯಲಹಂಕ–ನಂದಿ ಬಯಲಿನ ಬಣ್ಣ ಕೆಂಪುಮಣ್ಣು, ಬೂದುಬಂಡೆ, ಮಾಸಲು ಹಸಿರು. ಯುರೋಪಿನ ಮಾದರಿಗಳಿಗೆಂದು ಮಾರುವ ಗಾಢ ಹಸಿರು ಹುಲ್ಲುಪುಡಿ ಇಲ್ಲಿ ಸುಳ್ಳಾಗಿ ಕಾಣುತ್ತದೆ. ಜರಡಿ ಹಿಡಿದ ಕೆಂಪುಮಣ್ಣಿನ ಮೇಲೆ ಬಣ್ಣ ಹಾಕಿದ ಮರದ ಪುಡಿ ಮತ್ತು ಸಣ್ಣಗೆ ಕತ್ತರಿಸಿದ ತೆಂಗಿನ ನಾರು ಉದುರಿಸಿದರೆ ಬೇಸಿಗೆಯ ಒಣಹುಲ್ಲು ಬರುತ್ತದೆ. ಬಂಡೆಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸಿನಲ್ಲಿ ಎರಕ ಹೊಯ್ಯಬಹುದು. ಬೆಟ್ಟಹಲಸೂರಿನ ಸುತ್ತಲಿನ ಗ್ರಾನೈಟಿನ ಬಂಡೆಗಳು ಉರುಟಾಗಿದ್ದು, ಮಳೆನೀರು ಇಳಿದ ಕಪ್ಪು ಗೆರೆಗಳನ್ನು ಹೊತ್ತಿರುತ್ತವೆ. ಆ ಗೆರೆಗಳನ್ನು ತೆಳು ಕಪ್ಪುಬಣ್ಣದಿಂದ ಮೇಲಿನಿಂದ ಕೆಳಕ್ಕೆ ಎಳೆಯಬೇಕು.

ಹಳಿಯ ಬದಿಯ ಕತ್ತಾಳೆ ಬೇಲಿ, ಕಲ್ಲುಕಂಬದ ಬೇಲಿ, ಹೊಂಗೆ ಮತ್ತು ನೀಲಗಿರಿ ಮರಗಳು, ನಿಲ್ದಾಣದ ಮುಂದಿನ ಅರಳಿಕಟ್ಟೆ, ಕೆರೆ ಏರಿ ಮತ್ತು ತೂಬು ಜಾಗವನ್ನು ಗುರುತಿಸಿಕೊಡುವ ವಿವರಗಳು. ಹಿನ್ನೆಲೆಯ ಚಿತ್ರದಲ್ಲಿ 1478 ಮೀಟರ್ ಎತ್ತರದ ನಂದಿ ಬೆಟ್ಟ ತಿಳಿನೀಲಿಯಲ್ಲಿ ನಿಂತರೆ ದೂರ ತಾನಾಗಿ ತೋರುತ್ತದೆ. ನಿಲ್ದಾಣದ ಫಲಕ ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರ. ಕೆಳಗೆ ಸಮುದ್ರಮಟ್ಟದಿಂದ ಎತ್ತರ. ಕನ್ನಡ ಅಕ್ಷರಗಳನ್ನು ಈ ಅಳತೆಯಲ್ಲಿ ಕೈಯಿಂದ ಬರೆಯಲಾಗದು. ಕಂಪ್ಯೂಟರಿನಲ್ಲಿ ಅಚ್ಚುಹಾಕುವಾಗಲೂ ಇಂದಿನ ಅಕ್ಷರವಿನ್ಯಾಸ ಬಿಟ್ಟು, ಹಳೆಯ ಫೋಟೊಗಳಲ್ಲಿ ಕಾಣುವ ಪೇಂಟರ್ ಕೈಬರಹದ ದುಂಡನೆಯ ಅಕ್ಷರವನ್ನು ಅನುಸರಿಸುವುದು ಉಚಿತ.

ಉಗಿಯ ಕುರುಹುಗಳನ್ನು ಮರೆಯುವಂತಿಲ್ಲ. ಎಂಜಿನು ನಿಲ್ಲುವ ಕಡೆ ಹಳಿಗಳ ನಡುವೆ ಎಣ್ಣೆ ಮತ್ತು ಬೂದಿಯ ಕಪ್ಪು, ನೀರಿನ ಕಂಬದ ಬುಡದಲ್ಲಿ ಒದ್ದೆ ಮತ್ತು ಪಾಚಿ, ಶೆಡ್ಡಿನ ಮಾಡಿನಡಿ ಮಸಿ, ಕಲ್ಲಿದ್ದಲ ರಾಶಿಯ ಸುತ್ತ ಪುಡಿ. ಡೀಸೆಲ್ ಕಾಲದ ಯಾರ್ಡಿಗೂ ಉಗಿ ಕಾಲದ ಯಾರ್ಡಿಗೂ ಇರುವ ವ್ಯತ್ಯಾಸ ಮುಖ್ಯವಾಗಿ ಈ ಕಲೆಗಳಲ್ಲಿದೆ.

ಎಂಜಿನು ಮತ್ತು ಗಾಡಿಗಳು

ಸ್ವಾತಂತ್ರ್ಯಾನಂತರದ ಮೀಟರ್‌ಗೇಜಿನ ಮುಖ್ಯ ಎಂಜಿನುಗಳು ಪ್ರಯಾಣಿಕರ ಗಾಡಿಗೆ ವೈಪಿ (4-6-2), ಗೂಡ್ಸಿಗೆ ವೈಜಿ (2-8-2), ಹಗುರ ಕವಲುಮಾರ್ಗಗಳಿಗೆ ವೈಎಲ್ (2-6-2). ಈ ಅಂಕಿಗಳು ಮುಂದಿನ ಸಣ್ಣ ಚಕ್ರ, ಎಳೆಯುವ ದೊಡ್ಡ ಚಕ್ರ, ಹಿಂದಿನ ಸಣ್ಣ ಚಕ್ರಗಳ ಸಂಖ್ಯೆ. ವೈಪಿಯ ಎಳೆಯುವ ಚಕ್ರದ ವ್ಯಾಸ 1372 ಮಿ.ಮೀ.; 1:87ರಲ್ಲಿ 15.8 ಮಿ.ಮೀ. ಜಮ್‌ಷೆಡ್‌ಪುರದ ಟೆಲ್ಕೊ ಕಾರ್ಖಾನೆ ವೈಪಿ, ವೈಜಿ ಎಂಜಿನುಗಳನ್ನು ದೊಡ್ಡ ಸಂಖ್ಯೆಯಲ್ಲಿ ಕಟ್ಟಿತು.

ಉಗಿ ಎಂಜಿನಿನ ಮಾದರಿ ಡೀಸೆಲಿನದಕ್ಕಿಂತ ಕಠಿಣ. ಡೀಸೆಲಿನಲ್ಲಿ ಯಂತ್ರವೆಲ್ಲ ಪೆಟ್ಟಿಗೆಯೊಳಗೆ ಅಡಗಿರುತ್ತದೆ. ಉಗಿ ಎಂಜಿನಿನಲ್ಲಿ ಪಿಸ್ಟನ್ ಕಡ್ಡಿ, ಜೋಡುಕಡ್ಡಿ, ವಾಲ್ವು ಸನ್ನೆಗಳು ಹೊರಗೆ ಆಡುತ್ತವೆ. ಎಡ ಮತ್ತು ಬಲ ಬದಿಯ ಕ್ರ್ಯಾಂಕುಗಳು 90 ಡಿಗ್ರಿ ಅಂತರದಲ್ಲಿರಬೇಕು, ಮತ್ತು ಎಲ್ಲ ಅಚ್ಚುಗಳಲ್ಲೂ ಆ ಅಂತರ ಒಂದೇ ಇರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಎಂಜಿನು ಕುಂಟುತ್ತದೆ.

ವಿದೇಶಿ ಕಂಪನಿಗಳ ಕ್ಯಾಟಲಾಗುಗಳು ಜರ್ಮನ್, ಬ್ರಿಟಿಷ್, ಅಮೆರಿಕನ್, ಜಪಾನಿ ಮೂಲಗಳ ಸುತ್ತ ಬೆಳೆದಿವೆ. ಮೈಸೂರು ಸೀಮೆಯ ಎಂಜಿನು ಬೇಕೆಂದವರು ಸೂಕ್ತ ಚಕ್ರವಿನ್ಯಾಸದ ಸಿದ್ಧ ಎಂಜಿನನ್ನು ಕೊಂಡು, ಅದರ ಮೇಲ್ಭಾಗ ತೆಗೆದು, ಹಿತ್ತಾಳೆ ತಗಡಿನಲ್ಲೋ 3ಡಿ ಅಚ್ಚಿನಲ್ಲೋ ಹೊಸ ಮೈ ಕೂರಿಸುತ್ತಾರೆ. ಯಶವಂತಪುರಕ್ಕೆ ಹೊಂದಿಕೊಂಡ ಪೀಣ್ಯ ಕೈಗಾರಿಕಾ ಪ್ರದೇಶದ ಲೇಸರ್ ಕತ್ತರಿ, ಸಿಎನ್‌ಸಿ, 3ಡಿ ಅಚ್ಚಿನ ಸೌಲಭ್ಯ ಈ ಕೆಲಸಕ್ಕೆ ಒದಗುತ್ತದೆ. ಬೋಗಿಗಳು ಸುಲಭ: ತೇಗದ ಮೈಯ ಹಳೆಯ ಬೋಗಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿ ಮಾಡಬಹುದು. ಮೀಟರ್‌ಗೇಜು ಮತ್ತು ನ್ಯಾರೋಗೇಜಿನಲ್ಲಿ ಬಫರು ನಡುವೆ ಒಂದೇ ಇರುತ್ತದೆ. ಬ್ರಾಡ್‌ಗೇಜಿನಂತೆ ಎರಡು ಬದಿಗೆ ಎರಡು ಇಟ್ಟರೆ ಮಾದರಿ ಕೆಟ್ಟಂತೆ. ಗೂಡ್ಸಿನ ಬಾಲದಲ್ಲಿ ಗಾರ್ಡಿನ ಬ್ರೇಕ್‌ವ್ಯಾನ್ ಇರಲೇಬೇಕು.

ನಿಜವಾದ ಉಗಿಯಿಂದ ಓಡುವ ಮಾದರಿಗಳೂ ಇವೆ. ಇವು ಹೆಚ್ಚಾಗಿ 32 ಅಥವಾ 45 ಮಿ.ಮೀ. ಹಳಿಯವು, ಬ್ಯೂಟೇನ್ ಅನಿಲ ಅಥವಾ ಸ್ಪಿರಿಟ್ ಉರಿಸಿ ತಾಮ್ರದ ಬಾಯ್ಲರಿನಲ್ಲಿ ನೀರು ಕುದಿಸುತ್ತವೆ. ಸುರಕ್ಷಾ ವಾಲ್ವು ಮತ್ತು ನಿಯತ ಒತ್ತಡ ಪರೀಕ್ಷೆ ಇಲ್ಲದೆ ಇವನ್ನು ಹೊತ್ತಿಸಬಾರದು. ಮನೆಯೊಳಗೆ ಎಂದೂ ಕೂಡದು.

ಓಡಿಸುವ ಕ್ರಮ

ಮಾದರಿ ಮಾರ್ಗದಲ್ಲಿ ವೇಗವೂ ಪ್ರಮಾಣಕ್ಕೆ ಒಳಪಟ್ಟಿದೆ. ಗಂಟೆಗೆ 30 ಕಿ.ಮೀ. ಓಡುವ ಗಾಡಿ 1:87ರಲ್ಲಿ ಸೆಕೆಂಡಿಗೆ 9.6 ಸೆಂ.ಮೀ. ಹೋಗಬೇಕು, ಒಂದು ಮೀಟರು ಸಾಗಲು ಹತ್ತು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಅಭ್ಯಾಸವಿಲ್ಲದ ಕೈಯಲ್ಲಿ ಗಾಡಿ ಇದರ ಎರಡು ಮೂರು ಪಟ್ಟು ಓಡುತ್ತದೆ. ಧ್ವನಿ ಡಿಕೋಡರಿದ್ದರೆ 'ಛಕ್ ಛಕ್' ಸದ್ದನ್ನೂ ಹೊಂದಿಸಬೇಕು: ಎರಡು ಸಿಲಿಂಡರಿನ ಎಂಜಿನು ಚಕ್ರದ ಒಂದು ಸುತ್ತಿಗೆ ನಾಲ್ಕು ಬಾರಿ ಉಗುಳುತ್ತದೆ. 30 ಕಿ.ಮೀ. ವೇಗದ ವೈಪಿಯಲ್ಲಿ ಅದು ಸೆಕೆಂಡಿಗೆ ಏಳೆಂಟು ಬಾರಿ.

ಒಂಟಿಮಾರ್ಗದಲ್ಲಿ ಎದುರುಬದುರು ಗಾಡಿಗಳನ್ನು ಕಾಯುವುದು ಟೋಕನ್. ಭಾರತದ ಒಂಟಿಮಾರ್ಗಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ನೀಲ್ ಟೋಕನ್ ಯಂತ್ರದಿಂದ ಒಂದು ಉಕ್ಕಿನ ಚೆಂಡು ಹೊರಬಂದರೆ, ಅದು ಮುಂದಿನ ನಿಲ್ದಾಣದ ಯಂತ್ರದೊಳಗೆ ಸೇರುವ ತನಕ ಮತ್ತೊಂದು ಹೊರಬಾರದು. ಮಾದರಿ ಮಾರ್ಗದಲ್ಲಿ ಒಂದು ಬಿಲ್ಲೆ ಆ ಕೆಲಸ ಮಾಡುತ್ತದೆ: ಬಿಲ್ಲೆ ಕೈಯಲ್ಲಿದ್ದವರಷ್ಟೇ ಗಾಡಿ ಬಿಡಬಹುದು. ಔಟರ್, ಹೋಮ್, ಸ್ಟಾರ್ಟರ್ ಎಂಬ ಕೈಮರಗಳ ಕೈ ಅಡ್ಡವಾಗಿದ್ದರೆ ನಿಲ್ಲು, ಕೆಳಗೆ ಬಾಗಿದರೆ ಹೊರಡು.

ಯಲಹಂಕದ ಮಾದರಿಯ ಜೀವಾಳ ಎರಡು ಗೇಜುಗಳ ಕೂಡಲಿಯಲ್ಲಿದೆ. ಮೀಟರ್‌ಗೇಜಿನ ವ್ಯಾಗನ್ನು ನ್ಯಾರೋಗೇಜಿಗೆ ಹತ್ತುವುದಿಲ್ಲ. ಸರಕನ್ನು ಹಮಾಲರು ಒಂದರಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಎರಡೂ ಗೇಜಿನ ಹಳಿಗಳು ಒಂದೇ ಗೂಡ್ಸ್ ಶೆಡ್ಡಿನ ಎರಡು ಬದಿಗೆ ಬರುವಂತೆ ಕಟ್ಟಿ, ಪ್ರತಿ ವ್ಯಾಗನ್ನಿಗೆ ಒಂದು ಚೀಟಿ ಇಟ್ಟು, ಎಲ್ಲಿಂದ ಎಲ್ಲಿಗೆ ಯಾವ ಸರಕು ಎಂದು ಬರೆದರೆ ಶಂಟಿಂಗಿಗೆ ಅರ್ಥ ಬರುತ್ತದೆ. ರಾಗಿ, ಬೆಲ್ಲ, ಶಿಡ್ಲಘಟ್ಟದ ರೇಷ್ಮೆ, ಕಲ್ಲು ಈ ಸೀಮೆಗೆ ಸಲ್ಲುವ ಸರಕುಗಳು. ಮೈಸೂರು ಸಂಸ್ಥಾನದ ಸಣ್ಣ ಊರುಗಳು ಮಾರುಕಟ್ಟೆಗೆ ಹೇಗೆ ಹೊಂದಿಕೊಂಡಿದ್ದವೆಂಬುದು ಈ ಚೀಟಿಗಳಿಂದ ಕೈಗೆ ತಿಳಿಯುತ್ತದೆ.

ಸಮಯವನ್ನೂ ಕುಗ್ಗಿಸುವುದುಂಟು. ಆರು ಪಟ್ಟು ವೇಗದ ಗಡಿಯಾರ ಇಟ್ಟರೆ ಒಂದು ಹಗಲಿರುಳಿನ ವೇಳಾಪಟ್ಟಿ ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಇಬ್ಬರು ಸ್ಟೇಷನ್ ಮಾಸ್ತರರಾಗಿ, ಇಬ್ಬರು ಡ್ರೈವರಾಗಿ ಕೂತರೆ ಸಣ್ಣ ಮಾರ್ಗವೂ ಒಂದು ಸಂಜೆಗೆ ಸಾಕು.

ನಿರ್ವಹಣೆ

ಧೂಳು ಮೊದಲ ಶತ್ರು. ಹಳಿ ಮತ್ತು ಚಕ್ರದ ನಡುವೆ ಅದು ಕೂತರೆ ವಿದ್ಯುತ್ತು ತಡೆದು ಎಂಜಿನು ಜಗ್ಗಿ ನಿಲ್ಲುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಹಳಿ ಒರೆಸಬೇಕು; ಮರಳು ಕಾಗದ ಹಾಕಿದರೆ ಗೀರುಗಳಲ್ಲಿ ಕೊಳೆ ಇನ್ನಷ್ಟು ಹಿಡಿಯುತ್ತದೆ. ಬಳಸದಾಗ ಹೊದಿಕೆ ಮುಚ್ಚುವುದು, ಎಂಜಿನಿಗೆ ಪ್ಲಾಸ್ಟಿಕ್ಕಿಗೆ ಹೊಂದುವ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಒಂದೇ ಹನಿ ಬಿಡುವುದು, ವಿದ್ಯುತ್ ಏರಿಳಿತಕ್ಕೆ ರಕ್ಷಣೆ ಇಡುವುದು ಅಗತ್ಯ.

ಉಪಯೋಗ

ಹವ್ಯಾಸವೇ ಮುಖ್ಯ ಉದ್ದೇಶವಾದರೂ ಬಡಗಿತನ, ಬೆಸುಗೆ, ವಿದ್ಯುನ್ಮಾನ, ಚಿತ್ರಕಲೆ, ಸ್ಥಳೀಯ ಇತಿಹಾಸಗಳನ್ನು ಒಂದೇ ಮೇಜಿಗೆ ತರುವುದರಿಂದ ಮಾದರಿ ಮಾರ್ಗ ಶಾಲೆಗಳಿಗೂ ಒದಗುತ್ತದೆ. ಮರೆಯಾದ ಮಾರ್ಗದ ದಾಖಲೆಯಾಗಿ ಅದರ ಬೆಲೆ ಬೇರೆಯೇ. ಮಾದರಿ ಕಟ್ಟುವವರು ಪ್ಲಾಟ್‌ಫಾರ್ಮಿನ ಎತ್ತರ, ಕಿಟಕಿಯ ಅಳತೆ, ಪಾಯಿಂಟುಗಳ ಜಾಗ ಎಲ್ಲವನ್ನೂ ಕೇಳಿ, ಅಳೆದು ಬರೆದಿಡಬೇಕಾಗುತ್ತದೆ. ಬರಿಯ ನೆನಪು ಅಥವಾ ಒಂದೆರಡು ಫೋಟೊ ಅಷ್ಟು ವಿವರ ಕೊಡುವುದಿಲ್ಲ.

ಇಂದಿನ ಸ್ಥಿತಿ

ಭಾರತದ ನಿತ್ಯದ ಗಾಡಿಗಳಿಂದ ಉಗಿ 1990ರ ದಶಕದ ಕೊನೆಯ ಹೊತ್ತಿಗೆ ಮರೆಯಾಯಿತು. ಮೂಲದ ಅಧ್ಯಯನಕ್ಕೆ ಹತ್ತಿರದ ಜಾಗ 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯ. ಅಲ್ಲಿ ಉಗಿ ಎಂಜಿನು ಮತ್ತು ರಾಜಪರಿವಾರದ ಬೋಗಿಗಳನ್ನು ಹತ್ತಿರದಿಂದ ನೋಡಿ ಅಳೆದುಕೊಳ್ಳಬಹುದು. ನೈರುತ್ಯ ರೈಲ್ವೆಯ ಹುಬ್ಬಳ್ಳಿಯ ವಸ್ತುಸಂಗ್ರಹಾಲಯ 2020ರದು. ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ಹಳೆಯ ನಿಲ್ದಾಣಗಳ ಸಂರಕ್ಷಣೆಗೆ ಈಚಿನ ವರ್ಷಗಳಲ್ಲಿ ರೈಲ್ವೆಯೂ ಪಾರಂಪರಿಕ ಸಂಸ್ಥೆ ಇಂಟ್ಯಾಕೂ ಕೈಹಾಕಿವೆ.

ಆಮದು ಸುಂಕ ಮತ್ತು ಸಾಗಣೆ ವೆಚ್ಚದಿಂದಾಗಿ ವಿದೇಶಿ ಎಂಜಿನುಗಳು ದುಬಾರಿ. ಇನ್ನೊಂದೆಡೆ 3ಡಿ ಅಚ್ಚು, ಲೇಸರ್ ಕತ್ತರಿ, ಅಗ್ಗದ ನಿಯಂತ್ರಕಗಳು ಮನೆಯಲ್ಲೇ ಕಟ್ಟುವ ಕೆಲಸವನ್ನು ಹಗುರಗೊಳಿಸಿವೆ. ನ್ಯಾರೋಗೇಜಿನ ಹಳಿ, ಪಾಯಿಂಟು, ಕೈಮರಗಳು ನೆಲದಿಂದ ಎದ್ದುಹೋಗಿವೆ. ದೊಡ್ಡಜಾಲ, ಆವತಿಹಳ್ಳಿ, ನಂದಿಯ ಕಟ್ಟಡಗಳು ಇನ್ನೂ ಇವೆ. ಅಳೆಯುವ ಕೆಲಸಕ್ಕೆ ಈಗ ಉಳಿದಿರುವ ಮೂಲಗಳು ಅವು, ಮತ್ತು ಆ ಗಾಡಿಗಳಲ್ಲಿ ಓಡಾಡಿದ ಹಿರಿಯರ ನೆನಪು.